ಮಗ್ಗದಿಂದ ಮೋಟಾರಿಗೆ

ಮಗ್ಗದ ಮುಂದೆ ಕುಳಿತವರಿಗೆಲ್ಲ ತಿಳಿದ ಮಾತೊಂದಿದೆ. ಹಾಸಿನಲ್ಲಿ ಒಂದೆಳೆ ಹರಿದದ್ದು ಕಣ್ಣಿಗೆ ಬೀಳದೆ ಲಾಳಿಯು ಓಡುತ್ತಲೇ ಇದ್ದರೆ, ಆಮೇಲೆ ನೇಯ್ದದ್ದೆಲ್ಲವೂ ದಂಡ. ಹತ್ತು ಗಜ ನೇಯ್ದ ಮೇಲೆ ತಪ್ಪು ಕಂಡರೆ ಹತ್ತು ಗಜವೂ ಕೆಟ್ಟ ಬಟ್ಟೆಯೇ. ಆದುದರಿಂದ ಒಳ್ಳೆಯ ನೇಕಾರನ ಗುರುತು ಕೈಯ ವೇಗವಲ್ಲ. ಎಳೆ ಹರಿದೊಡನೆ ಕೈಯನ್ನು ತಡೆಯುವ ಎಚ್ಚರ.

ಈ ಸಣ್ಣ ಮಾತಿನಿಂದ ಲೋಕದ ಅತಿ ದೊಡ್ಡ ಮೋಟಾರು ಕಂಪೆನಿಗಳಲ್ಲೊಂದು ಹುಟ್ಟಿತೆಂದರೆ ಕೇಳಿದವರಿಗೆ ಮೊದಲು ನಂಬಿಕೆ ಬಾರದು. ಆದರೆ ಬೆಂಗಳೂರಿನ ಬೀದಿಗಳಲ್ಲಿಯೂ ಧರ್ಮಸ್ಥಳ, ಸುಬ್ರಹ್ಮಣ್ಯಗಳ ಘಟ್ಟದ ದಾರಿಗಳಲ್ಲಿಯೂ ದಿನವೂ ಕಾಣುವ ಟೊಯೋಟಾ ಗಾಡಿಗಳ ವಂಶವನ್ನು ಹುಡುಕುತ್ತ ಹೋದರೆ, ಅದರ ಬೇರು ಸಿಕ್ಕುವುದು ಕಮ್ಮಾರನ ಕುಲುಮೆಯಲ್ಲಲ್ಲ, ನೇಕಾರಳ ಮಗ್ಗದಲ್ಲಿ.

ಬಡಗಿಯ ಮಗ

ಸಾಕಿಚಿ ಟೊಯೋಡಾ 1867ರಲ್ಲಿ, ಈಗಿನ ಷಿಜುವೊಕಾ ಪ್ರಾಂತದ ಯಮಾಗುಚಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಬಡಗಿ, ಮನೆಯಲ್ಲಿ ತಾಯಿ ನೇಯುತ್ತಿದ್ದಳು. ಆ ಭಾಗದ ಹಳ್ಳಿಗಳಲ್ಲಿ ಹೆಂಗಸರು ಮಗ್ಗದ ಮುಂದೆ ಬೆನ್ನು ಬಗ್ಗಿಸಿ ದಿನವೆಲ್ಲ ದುಡಿಯುವುದು ಸಾಮಾನ್ಯವಾದ ನೋಟ. ಬಡಗಿಯ ಮಗನಾದ ಸಾಕಿಚಿಗೆ ಮರದ ಕೆಲಸವೂ ಗೊತ್ತು, ತಾಯಿಯ ದುಡಿಮೆಯ ಕಷ್ಟವೂ ಗೊತ್ತು. 1890ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಕೈಗಾರಿಕಾ ಪ್ರದರ್ಶನಕ್ಕೆ ಹೋಗಿ, ಅಲ್ಲಿದ್ದ ಯಂತ್ರಗಳನ್ನು ದಿನದಿನವೂ ನೋಡುತ್ತ ನಿಂತನು. ಅದೇ ವರ್ಷ ಮರದ ಕೈಮಗ್ಗವೊಂದನ್ನು ಹೊಸ ಬಗೆಯಲ್ಲಿ ಕಟ್ಟಿದನು. ಅದುವರೆಗೆ ಎರಡೂ ಕೈ ಬೇಕಾಗಿದ್ದ ನೇಯ್ಗೆಯನ್ನು ಅದರಲ್ಲಿ ಒಂದೇ ಕೈಯಿಂದ ಮಾಡಬಹುದಾಗಿತ್ತು. ಕೆಲಸವು ಹೆಚ್ಚುಕಡಿಮೆ ಒಂದೂವರೆಪಟ್ಟು ಬೇಗ ಸಾಗಿತು.

ಅಲ್ಲಿಗೆ ಆತನು ನಿಲ್ಲಲಿಲ್ಲ. 1896ರ ಹೊತ್ತಿಗೆ ಉಗಿಯಂತ್ರದಿಂದ ನಡೆಸಬಹುದಾದ ಮಗ್ಗವನ್ನು ರಚಿಸಿದನು. ಅದರಲ್ಲಿ ಒಂದು ವಿಶೇಷವಿತ್ತು: ಹೊಕ್ಕಿನ ನೂಲು ಹರಿದರೆ ಅಥವಾ ಮುಗಿದರೆ ಮಗ್ಗವು ತಾನಾಗಿಯೇ ನಿಂತುಬಿಡುತ್ತಿತ್ತು. 1924ರಲ್ಲಿ ಆತನೂ ಆತನ ಮಗನೂ ಜೊತೆಗಾರರೂ ಸೇರಿ ಸಿದ್ಧಪಡಿಸಿದ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಓಟ ತಡೆಯದೆಯೇ ಲಾಳಿ ಬದಲಾಗುತ್ತಿತ್ತು. ಹಾಸಿನ ಎಳೆ ಹರಿದರೂ ಯಂತ್ರ ನಿಲ್ಲುತ್ತಿತ್ತು. ಒಬ್ಬೊಬ್ಬ ಕೆಲಸಗಾರ್ತಿಯು ಒಂದು ಮಗ್ಗವನ್ನು ಕಾಯುವುದು ತಪ್ಪಿ, ಒಬ್ಬಳೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ಯಂತ್ರವು ತಾನಾಗಿ ನಡೆಯುವುದನ್ನು ಜಪಾನೀ ಭಾಷೆಯಲ್ಲಿ 'ಜಿದೋಕಾ' ಎನ್ನುತ್ತಾರೆ. ಟೊಯೋಡಾ ಮನೆತನದವರು ಈ ಮಾತನ್ನು ಬರೆಯುವಾಗ ಅದರ ಒಂದು ಅಕ್ಷರಕ್ಕೆ ಮನುಷ್ಯನ ಚಿಹ್ನೆಯನ್ನು ಸೇರಿಸಿ ಬರೆಯುವ ವಾಡಿಕೆಯಿದೆ. ಬರಿದೇ ಓಡುವ ಯಂತ್ರ ಬೇರೆ, ತಪ್ಪನ್ನು ಅರಿತು ನಿಲ್ಲುವ ಯಂತ್ರ ಬೇರೆ. ಎರಡನೆಯದರಲ್ಲಿ ಮನುಷ್ಯನ ವಿವೇಕದ ಒಂದು ಅಂಶವಿದೆ ಎಂಬುದು ಆ ಬರಹದ ಭಾವ.

ಕಳೆಗುಂದಿದ ಆರಂಭ

1929ರಲ್ಲಿ ಇಂಗ್ಲೆಂಡಿನ ಹೆಸರಾಂತ ಜವಳಿ ಯಂತ್ರ ತಯಾರಕರಾದ ಪ್ಲಾಟ್ ಸಹೋದರರ ಕಂಪೆನಿಯು ಈ ಮಗ್ಗದ ಹಕ್ಕನ್ನು ಕೊಳ್ಳಲು ಮುಂದೆ ಬಂದಿತು. ಒಪ್ಪಂದವಾದ ಮೊತ್ತ 1 ಲಕ್ಷ ಪೌಂಡು. ಯಂತ್ರವಿದ್ಯೆಯನ್ನು ಪಶ್ಚಿಮದಿಂದ ಕಲಿತ ದೇಶವೊಂದು ಪಶ್ಚಿಮಕ್ಕೇ ಯಂತ್ರದ ಗುಟ್ಟನ್ನು ಮಾರಿತು. ಮರುವರ್ಷ, 1930ರಲ್ಲಿ ಸಾಕಿಚಿ ತೀರಿಕೊಂಡನು.

ಆತನ ಮಗ ಕೀಚಿರೋ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಓದಿದವನು. ಅವನ ಮನಸ್ಸೆಲ್ಲ ಮೋಟಾರಿನ ಮೇಲೆ. ಆಗ ಜಪಾನಿನ ರಸ್ತೆಗಳಲ್ಲಿ ಓಡುತ್ತಿದ್ದುದು ಬಹುಮಟ್ಟಿಗೆ ಅಮೆರಿಕದ ಫೋರ್ಡ್ ಮತ್ತು ಷೆವ್ರೊಲೆ ಗಾಡಿಗಳು. ಆ ಕಂಪೆನಿಗಳು ಜಪಾನಿನಲ್ಲಿಯೇ ಜೋಡಣೆಯ ಕಾರ್ಖಾನೆಗಳನ್ನು ತೆರೆದಿದ್ದವು. ಅವರೆದುರು ಮಗ್ಗದ ಕಾರ್ಖಾನೆಯೊಂದು ಕಾರು ಮಾಡುವುದೆಂದರೆ ಹುಚ್ಚುಸಾಹಸವೇ ಸರಿ. ಆದರೂ 1933ರಲ್ಲಿ ಮಗ್ಗದ ಕಂಪೆನಿಯೊಳಗೇ ಮೋಟಾರು ವಿಭಾಗವೊಂದು ಪ್ರಾರಂಭವಾಯಿತು.

1935ರಲ್ಲಿ 'ಜಿ1' ಎಂಬ ಮೊದಲ ಲಾರಿ ಹೊರಬಂದಿತು. ಕೊಂಡವರ ಅನುಭವ ಹಿತಕರವಾಗಿರಲಿಲ್ಲ. ಲಾರಿಗಳು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಅವು ನಿಂತಲ್ಲಿಗೆ ಕಂಪೆನಿಯು ದುರಸ್ತಿಯವರನ್ನು ಓಡಿಸಬೇಕಾಗುತ್ತಿತ್ತು. ಕೆಟ್ಟ ಭಾಗ ಯಾವುದು, ಏಕೆ ಕೆಟ್ಟಿತು ಎಂಬ ವರದಿಯು ಕಾರ್ಖಾನೆಗೆ ಮರಳುತ್ತಿತ್ತು. ಮುಂದಿನ ಲಾರಿಯಲ್ಲಿ ಆ ಭಾಗವು ಬದಲಾಗುತ್ತಿತ್ತು. ಬಟ್ಟೆಯಲ್ಲಿ ಹರಿದ ಎಳೆಯನ್ನು ಹುಡುಕುವ ಅಭ್ಯಾಸವೇ ಇಲ್ಲಿ ಕಬ್ಬಿಣಕ್ಕೂ ಬಂದಿತು.

1936ರಲ್ಲಿ ಕಾರಿಗೆ ಚಿಹ್ನೆಯನ್ನು ಸೂಚಿಸಬೇಕೆಂದು ಸಾರ್ವಜನಿಕರನ್ನು ಕೇಳಲಾಯಿತು. ಆ ಸಂದರ್ಭದಲ್ಲಿ ಟೊಯೋಡಾ ಎಂಬ ಮನೆತನದ ಹೆಸರು 'ಟೊಯೋಟಾ' ಆಯಿತು. ಜಪಾನೀ ಲಿಪಿಯಲ್ಲಿ ಹೀಗೆ ಬರೆಯಲು 8 ಗೆರೆಗಳು ಸಾಕು. ಆ ದೇಶದಲ್ಲಿ 8 ಶುಭಸಂಖ್ಯೆ. 1937ರಲ್ಲಿ ಮೋಟಾರು ವಿಭಾಗವು ಬೇರೆಯ ಕಂಪೆನಿಯಾಗಿ ನಿಂತಿತು. ಕೊರೊಮೊ ಎಂಬ ಊರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1959ರಲ್ಲಿ ಆ ಊರೇ ತನ್ನ ಹೆಸರನ್ನು ಟೊಯೋಟಾ ಎಂದು ಬದಲಿಸಿಕೊಂಡಿತು.

ಮಾತು ತಪ್ಪಿದ ವರ್ಷ

ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಹಣದ ಬಿಗಿ ಬಂದಿತು. 1949ರ ಕೊನೆಯಲ್ಲಿ ಟೊಯೋಟಾ ದಿವಾಳಿಯ ಅಂಚಿಗೆ ಬಂದು ನಿಂತಿತು. ಬ್ಯಾಂಕುಗಳ ಸಾಲದಿಂದ ಉಸಿರು ಉಳಿದರೂ ಕೆಲಸಗಾರರ ಸಂಖ್ಯೆಯನ್ನು ಇಳಿಸದೆ ಗತ್ಯಂತರವಿಲ್ಲವೆಂದಾಯಿತು. ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬುದು ಕೀಚಿರೋನ ಹಂಬಲವಾಗಿತ್ತು. 1950ರ ವಸಂತದಲ್ಲಿ ಎರಡು ತಿಂಗಳ ಮುಷ್ಕರ ನಡೆಯಿತು. ಕೊನೆಗೆ ಸುಮಾರು 2,000 ಮಂದಿ ಕೆಲಸ ಬಿಟ್ಟರು. ಜವಾಬ್ದಾರಿ ತನ್ನದೆಂದು ಕೀಚಿರೋ ಅಧ್ಯಕ್ಷ ಪದವಿಯನ್ನು ತೊರೆದನು.

ಆತನು ಪದವಿ ಬಿಟ್ಟು ಮೂರು ವಾರವೂ ಆಗಿರಲಿಲ್ಲ, ಕೊರಿಯಾದಲ್ಲಿ ಯುದ್ಧ ಪ್ರಾರಂಭವಾಯಿತು. ಅಮೆರಿಕದ ಸೇನೆಯಿಂದ ಲಾರಿಗಳಿಗೆ ಬೇಡಿಕೆ ಬಂದಿತು, ಕಂಪೆನಿ ಚೇತರಿಸಿಕೊಂಡಿತು. ಮತ್ತೆ ಬರಬೇಕೆಂದು ಕೀಚಿರೋನನ್ನು ಕರೆದರು. ಆದರೆ ಹಿಂದಿರುಗುವ ಮುನ್ನವೇ, 1952ರ ಮಾರ್ಚಿನಲ್ಲಿ, 57ನೆಯ ವಯಸ್ಸಿನಲ್ಲಿ ಆತನು ನಿಧನನಾದನು. ತಾನು ಕನಸು ಕಂಡ ಪ್ರಯಾಣಿಕರ ಕಾರು ಮನೆಮನೆಯ ಮುಂದೆ ನಿಲ್ಲುವುದನ್ನು ಆತನು ನೋಡಲಿಲ್ಲ.

ಕೆಲಸಗಾರನ ಕೈಯಲ್ಲಿ ಹಗ್ಗ

ತೈಚಿ ಓಹ್ನೋ ಎಂಬಾತನು ಮೊದಲು ಟೊಯೋಡಾದವರ ನೂಲಿನ ಗಿರಣಿಯಲ್ಲಿದ್ದು, 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದವನು. ಗಿರಣಿಯ ಕಣ್ಣಿನಿಂದ ಮೋಟಾರು ಕಾರ್ಖಾನೆಯನ್ನು ನೋಡಿದಾಗ ಆತನಿಗೆ ಒಂದು ಸಂಗತಿ ಬೆರಗಾಗಿ ಕಂಡಿತು. ನೂಲು ಹರಿದರೆ ಮಗ್ಗ ನಿಲ್ಲುತ್ತದೆ. ಆದರೆ ಮೋಟಾರಿನ ಜೋಡಣೆಯಲ್ಲಿ ಒಂದು ಬೋಲ್ಟು ಸಡಿಲವಾಗಿ ಕುಳಿತರೂ ಸಾಲು ಸಾಗುತ್ತಲೇ ಇರುತ್ತದೆ. ತಪ್ಪನ್ನು ಕೊನೆಯಲ್ಲಿ ಪರೀಕ್ಷಕನು ಹುಡುಕಬೇಕು, ಇಲ್ಲವೇ ಕೊಂಡವನು ದಾರಿಯಲ್ಲಿ ಕಾಣಬೇಕು.

ಓಹ್ನೋ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಶ್ರಮಿಸಿ ತಿದ್ದಿದರು. ಸಾಲಿನಲ್ಲಿ ನಿಂತ ಯಾವ ಕೆಲಸಗಾರನೇ ಆಗಲಿ, ತಪ್ಪು ಕಂಡೊಡನೆ ತಲೆಯ ಮೇಲಿನ ಹಗ್ಗವನ್ನು ಎಳೆಯಬಹುದು. ದೀಪ ಹತ್ತುತ್ತದೆ, ಮೇಲ್ವಿಚಾರಕನು ಓಡಿಬರುತ್ತಾನೆ, ನಿಗದಿಯಾದ ಹೊತ್ತಿನೊಳಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಭಾಗಗಳು ಬೇಕಾದಾಗ ಬೇಕಾದಷ್ಟೇ ಬಂದು ಸೇರಬೇಕೆಂಬ ಕೀಚಿರೋನ ಹಳೆಯ ಆಸೆಯೂ ಚೀಟಿಗಳ ಪದ್ಧತಿಯ ಮೂಲಕ ಇದರ ಜೊತೆಗೆ ಕೂಡಿತು. ಉಗ್ರಾಣ ತುಂಬಾ ಬಿಡಿಭಾಗಗಳಿದ್ದರೆ ಕೆಟ್ಟದ್ದು ಒಳ್ಳೆಯದರ ಮರೆಯಲ್ಲಿ ಅಡಗಿರುತ್ತದೆ. ದಾಸ್ತಾನು ಕಡಿಮೆಯಾದಷ್ಟೂ ತಪ್ಪು ಬೇಗ ಬೆಳಕಿಗೆ ಬರುತ್ತದೆ.

ಇದು ಜಪಾನೀಯರ ಸ್ವಭಾವಕ್ಕೆ ಮಾತ್ರ ಒಗ್ಗುವ ವ್ರತವೆಂದು ಹೇಳಿದವರುಂಟು. 1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ಕಾರ್ಖಾನೆಯೊಂದನ್ನು ತೆರೆದಾಗ ಆ ಮಾತು ಸುಳ್ಳಾಯಿತು. ಅದು ಎರಡು ವರ್ಷ ಹಿಂದೆ ಮುಚ್ಚಿಹೋಗಿದ್ದ ಕಾರ್ಖಾನೆ. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಹಿಂದೆ ಏನಾದರೂ ಸಾಲು ಮಾತ್ರ ನಿಲ್ಲಕೂಡದು ಎಂಬ ಶಾಸನದಡಿ ದುಡಿದಿದ್ದ ಅವರ ಕೈಗೆ ಈಗ ಹಗ್ಗ ಬಂದಿತು. ಹೊರಬಂದ ಕಾರುಗಳ ಗುಣಮಟ್ಟ ನೋಡಿ ಅಮೆರಿಕದ ಉಳಿದ ಕಾರ್ಖಾನೆಯವರು ಬೆರಗಾದರು.

ಕೊಂಡವರ ತೀರ್ಪು

ಕಾರಿನ ವಿಷಯದಲ್ಲಿ ಕೊನೆಯ ನ್ಯಾಯಾಧೀಶ ಅದನ್ನು ಕೊಂಡವನೇ. 1957ರಲ್ಲಿ ಟೊಯೋಟಾ ಅಮೆರಿಕದಲ್ಲಿ ಮಾರಾಟದ ಕಂಪೆನಿಯನ್ನು ತೆರೆದು, ಮರುವರ್ಷ 'ಟೊಯೋಪೆಟ್ ಕ್ರೌನ್' ಕಾರನ್ನು ಮಾರತೊಡಗಿತು. ಜಪಾನಿನ ಒರಟು ರಸ್ತೆಗಳಿಗೆಂದು ಗಟ್ಟಿಯಾಗಿ ಕಟ್ಟಿದ ಭಾರವಾದ ಗಾಡಿ ಅದು. ಅಮೆರಿಕದ ಹೆದ್ದಾರಿಯಲ್ಲಿ ಉಳಿದ ಕಾರುಗಳ ವೇಗಕ್ಕೆ ಏರಹೋದರೆ ಇಂಜಿನು ಕಾಯುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಮೊದಲ ವರ್ಷ ಮಾರಾಟವಾದ ಕ್ರೌನ್ ಕಾರುಗಳು 287. ಅವುಗಳ ಜೊತೆಗೆ 'ಲ್ಯಾಂಡ್ ಕ್ರೂಸರ್' ಒಂದು. 1960ರ ಕೊನೆಗೆ ಆ ಕಾರನ್ನು ಕಳುಹಿಸುವುದನ್ನೇ ಕಂಪೆನಿ ನಿಲ್ಲಿಸಿತು. ಅಲ್ಲಿಯೂ ಎಳೆ ಹರಿದಿತ್ತು; ಲಾಳಿಯನ್ನು ತಡೆದರು. ಹೆದ್ದಾರಿಗೆ ತಕ್ಕಂತೆ ಮಾಡಿದ 'ಕೊರೋನಾ' ಕಾರು 1965ರಲ್ಲಿ ಅದೇ ದೇಶಕ್ಕೆ ಹೋದಾಗ ಜನರು ಒಪ್ಪಿದರು. 1966ರಲ್ಲಿ ಸಾಧಾರಣ ಸಂಸಾರಗಳಿಗೆಂದು 'ಕೊರೊಲಾ' ಬಂದಿತು. 5 ಕೋಟಿಗಿಂತ ಹೆಚ್ಚು ಕೊರೊಲಾಗಳು ಇದುವರೆಗೆ ಮಾರಾಟವಾಗಿವೆ.

ಬಹುಕಾಲ ಬಾಳುವ ಗಾಡಿಯೆಂಬ ಹೆಸರು ಹೀಗೆ ಮೆಲ್ಲಮೆಲ್ಲನೆ ಬಂದುದು. ಅಮೆರಿಕದ ಲೂಸಿಯಾನಾ ಪ್ರಾಂತದ ಒಬ್ಬಾತನು 2007ರಲ್ಲಿ ತಯಾರಾದ 'ಟಂಡ್ರಾ' ಗಾಡಿಯನ್ನು ತನ್ನ ವೃತ್ತಿಯಲ್ಲಿ ಊರಿಂದೂರಿಗೆ ಓಡಿಸುತ್ತ 2016ರೊಳಗೆ 10 ಲಕ್ಷ ಮೈಲಿ, ಅಂದರೆ ಸುಮಾರು 16 ಲಕ್ಷ ಕಿಲೋಮೀಟರು ಮುಗಿಸಿದನು. ಇಂಜಿನು ಮೊದಲಿನದೇ. ಗಡುವು ಬಂದಾಗಲೆಲ್ಲ ತಪ್ಪದೆ ಗಾಡಿಯನ್ನು ಸರ್ವೀಸಿಗೆ ಕೊಂಡೊಯ್ಯುವುದು ಆತನ ನಿಯಮವಾಗಿತ್ತು. ಕಂಪೆನಿಯು ಆತನಿಗೆ ಹೊಸ ಗಾಡಿಯನ್ನು ಕೊಟ್ಟು, ಹಳೆಯದನ್ನು ಬಿಚ್ಚಿ ಯಾವ ಭಾಗ ಎಷ್ಟು ಸವೆದಿದೆಯೆಂದು ಪರೀಕ್ಷಿಸಲು ತೆಗೆದುಕೊಂಡು ಹೋಯಿತು.

ಬಿಡದಿಯ ನಂಟು

ನಮ್ಮ ದೇಶಕ್ಕೆ ಈ ಹೆಸರು ಮೊದಲು ಬಂದುದು 1980ರ ದಶಕದಲ್ಲಿ, ಡಿ.ಸಿ.ಎಂ. ಟೊಯೋಟಾ ಎಂಬ ಹಗುರ ಲಾರಿಗಳ ಮೂಲಕ. ಕರ್ನಾಟಕದೊಂದಿಗೆ ಬೆಳೆದ ನಂಟಿನಲ್ಲಿ ಮಾತ್ರ ಒಂದು ಸೊಗಸಾದ ಹೋಲಿಕೆಯಿದೆ. ಜಪಾನಿನಲ್ಲಿ ಆದಂತೆ ಇಲ್ಲಿಯೂ ಮೊದಲು ಬಂದುದು ಜವಳಿ ಯಂತ್ರ. 1995ರಲ್ಲಿ ಕಿರ್ಲೋಸ್ಕರ್ ಮನೆತನವೂ ಟೊಯೋಡಾ ಮಗ್ಗದ ಕಂಪೆನಿಯೂ ಸೇರಿ ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ನೂಲುವ ಯಂತ್ರಗಳ ತಯಾರಿಕೆಗೆ ತೊಡಗಿದವು. ಅದರ ಬೆನ್ನಿಗೆ, 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಂಪೆನಿ ಹುಟ್ಟಿತು. ಈ ಎರಡೂ ಸಂಬಂಧಗಳಲ್ಲಿ ಮುಂದೆ ನಿಂತವರು 2022ರಲ್ಲಿ ನಿಧನರಾದ ವಿಕ್ರಮ್ ಕಿರ್ಲೋಸ್ಕರರು. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು.

2000ದ ಜನವರಿಯಲ್ಲಿ ಅಲ್ಲಿಂದ 'ಕ್ವಾಲಿಸ್' ಮಾರುಕಟ್ಟೆಗೆ ಬಂದಾಗ ನೋಡಿದವರು ಮೂಗು ಮುರಿದರು. ಡಬ್ಬಿಯಂಥ ಆಕಾರ, ಇಂಡೋನೇಷ್ಯಾದಲ್ಲಿ ಆಗಲೇ ಹಳತಾಗಿದ್ದ ಗಾಡಿಯ ರೂಪ. ಆದರೆ ಕೊಂಡವರ ತೀರ್ಪು ಬೇರೆಯಾಯಿತು. ಅಜ್ಜಿ, ಮೊಮ್ಮಕ್ಕಳು, ಬುತ್ತಿಯ ಡಬ್ಬಿ, ಹಾಸಿಗೆ ಸುರುಳಿ ಎಲ್ಲವನ್ನೂ ತುಂಬಿಕೊಂಡು ಘಟ್ಟ ಹತ್ತಿ ಇಳಿದು ಮನೆಗೆ ಮರಳುವ ಗಾಡಿ ಅದು. ಬೆಂಗಳೂರಿನಲ್ಲಿ ರಾತ್ರಿಪಾಳಿಯ ಕಚೇರಿಗಳು ಹೆಚ್ಚಿದ ಕಾಲದಲ್ಲಿ ನಡುರಾತ್ರಿ ಉದ್ಯೋಗಿಗಳನ್ನು ಮನೆಮನೆಯಿಂದ ಹೊತ್ತೊಯ್ಯುತ್ತಿದ್ದುದೂ ಹೆಚ್ಚಾಗಿ ಅದೇ. ಹಗಲು ಒಬ್ಬ, ರಾತ್ರಿ ಒಬ್ಬ ಚಾಲಕ. ಇಂಜಿನು ತಣ್ಣಗಾಗಲು ಸಹ ಬಿಡುವಿಲ್ಲ. 2005ರಲ್ಲಿ, ಮಾರಾಟ ಚೆನ್ನಾಗಿರುವಾಗಲೇ ಅದನ್ನು ನಿಲ್ಲಿಸಿ 'ಇನ್ನೋವಾ' ತಂದರು. ಸಾಲ ಮಾಡಿ ಇನ್ನೋವಾ ಕೊಂಡು, ಬಾಡಿಗೆಗೆ ಓಡಿಸಿ ಮಕ್ಕಳನ್ನು ಓದಿಸಿದ ಚಾಲಕರು ಈ ನಾಡಿನಲ್ಲಿ ಅನೇಕರು. ಬಿಡಿಭಾಗದ ಬೆಲೆ ದುಬಾರಿಯೆಂದು ಗೊಣಗುವವರೂ ಮಾರುವಾಗ ಬರುವ ಬೆಲೆಯನ್ನು ನೆನೆದು ಸಮಾಧಾನಪಡುತ್ತಾರೆ. ಎಲ್ಲವೂ ಗೆದ್ದಿತೆಂದಲ್ಲ. 2010ರಲ್ಲಿ ಬಂದ 'ಎಟಿಯಾಸ್' ಟ್ಯಾಕ್ಸಿಯವರ ಮೆಚ್ಚುಗೆ ಪಡೆದರೂ, ಒಳಗಿನ ಸಜ್ಜು ಬಡವಾಯಿತೆಂದು ಸಂಸಾರವಂದಿಗರು ದೂರ ಸರಿದರು. 2020ರಲ್ಲಿ ಅದು ನಿಂತಿತು.

ಬಿಡದಿಯಲ್ಲಿ ಕೆಲಸಗಾರರಿಗೂ ಆಡಳಿತಕ್ಕೂ ಜಗಳಗಳಾಗಿವೆ. 2020ರ ನವೆಂಬರಿನಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆಯ ತಂಟೆ ತೀರಿದುದು 2021ರ ಮಾರ್ಚಿನಲ್ಲಿ. ಕೆಲಸದ ಹೊರೆ ತಾಳಲಾರದಷ್ಟಾಗಿದೆ ಎಂಬುದು ಕೆಲಸಗಾರರ ದೂರುಗಳಲ್ಲೊಂದಾಗಿತ್ತು. ಹಗ್ಗವನ್ನು ಕೆಲಸಗಾರನ ಕೈಗೆ ಕೊಟ್ಟರೆ ಸಾಲದು. ಅದನ್ನು ಎಳೆಯಲು ಬೇಕಾದ ಬಿಡುವೂ ಧೈರ್ಯವೂ ಅವನಿಗಿರಬೇಕು.

ಲಾಳಿ ನಿಲ್ಲದ ದಿನಗಳು

ಇಷ್ಟೆಲ್ಲ ಬಲ್ಲ ಕಂಪೆನಿಯೂ ಒಮ್ಮೆ ತನ್ನ ಮೂಲಪಾಠವನ್ನು ಮರೆಯಿತು. 2009ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಕಂಪೆನಿಯದೇ ಆದ 'ಲೆಕ್ಸಸ್' ಕಾರೊಂದು ವೇಗ ತಡೆಯಲಾರದೆ ಅಪಘಾತಕ್ಕೀಡಾಗಿ ಒಂದೇ ಕುಟುಂಬದ ನಾಲ್ವರು ಸತ್ತರು. ಬೇರೆ ಮಾದರಿಯ ಕಾರಿನ ಕಾಲುಹಾಸು ಅದರಲ್ಲಿದ್ದು, ಆಕ್ಸಿಲರೇಟರು ಅದಕ್ಕೆ ಸಿಕ್ಕಿಕೊಂಡಿತ್ತು. ತುಳಿದದ್ದು ಮೇಲೇಳದೆ ಅಂಟಿಕೊಳ್ಳುವ ಆಕ್ಸಿಲರೇಟರಿನ ದೋಷವೂ ಬೇರೆ ಗಾಡಿಗಳಲ್ಲಿ ಬಯಲಾಯಿತು. ಹತ್ತಾರು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಕೀಚಿರೋನ ಮೊಮ್ಮಗ, ಆಗ ಅಧ್ಯಕ್ಷರಾಗಿದ್ದ ಅಕಿಯೋ ಟೊಯೋಡಾ, ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಕುಳಿತು, ಕಂಪೆನಿ ಬೆಳೆದ ವೇಗ ಅತಿಯಾಯಿತೇನೋ ಎಂಬ ಅಳುಕನ್ನು ತೋಡಿಕೊಂಡರು. ಇಲೆಕ್ಟ್ರಾನಿಕ್ ದೋಷವಿರಬಹುದೆಂಬ ಗುಮಾನಿಗೆ 2011ರ ಸರ್ಕಾರಿ ಪರಿಶೋಧನೆಯಲ್ಲಿ ಆಧಾರ ದೊರೆಯಲಿಲ್ಲ. ಆದರೆ ತಿಳಿದಿದ್ದ ದೋಷವನ್ನು ಗ್ರಾಹಕರಿಂದ ಮರೆಮಾಡಿದುದಕ್ಕಾಗಿ 2014ರಲ್ಲಿ ಕಂಪೆನಿ 120 ಕೋಟಿ ಡಾಲರು ದಂಡ ತೆರಲು ಒಪ್ಪಿತು. ಎಳೆ ಹರಿದುದು ದೊಡ್ಡ ಅಪರಾಧವಲ್ಲ. ಹರಿದುದು ಗೊತ್ತಿದ್ದೂ ಲಾಳಿಯನ್ನು ಓಡಿಸಿದುದು ಅಪರಾಧ.

2024ರ ಜನವರಿಯಲ್ಲಿ ಇನ್ನೊಂದು ಪೆಟ್ಟು ಬಂದಿತು, ಅದೂ ಸಾಕಿಚಿ ಕಟ್ಟಿದ ಮಗ್ಗದ ಕಂಪೆನಿಯಿಂದಲೇ. ಈಗ ಡೀಸೆಲ್ ಇಂಜಿನುಗಳನ್ನೂ ಮಾಡುವ ಆ ಕಂಪೆನಿಯವರು ಇಂಜಿನಿನ ಶಕ್ತಿಯ ಪರೀಕ್ಷೆಯಲ್ಲಿ ನಿಯಮ ಮೀರಿದುದು ಹೊರಬಿದ್ದಿತು. ಆ ಇಂಜಿನುಗಳಿದ್ದ ಇನ್ನೋವಾ ಕ್ರಿಸ್ಟಾ, ಫಾರ್ಚ್ಯುನರ್, ಹೈಲಕ್ಸ್ ಗಾಡಿಗಳನ್ನು ಕಳುಹಿಸುವುದನ್ನು ಬಿಡದಿಯ ಕಾರ್ಖಾನೆ ಕೆಲದಿನ ತಡೆಹಿಡಿಯಿತು. ಓಡುತ್ತಿರುವ ಗಾಡಿಗಳನ್ನು ನಿಲ್ಲಿಸಬೇಕಾದ ದೋಷ ಅದಲ್ಲವೆಂದು ಕಂಪೆನಿ ಸಾರಿತು. ಫೆಬ್ರವರಿಯಲ್ಲಿ ರವಾನೆ ಮತ್ತೆ ಮೊದಲಾಯಿತು. ಜಪಾನಿನ ಎಳೆಯೊಂದು ಹರಿದರೆ ಬಿಡದಿಯ ಮಗ್ಗವೂ ನಿಲ್ಲುವಷ್ಟು ಆ ನೆಯ್ಗೆ ಈಗ ಹಾಸುಹೊಕ್ಕಾಗಿದೆ.

ಕಾರು ಕೊಳ್ಳಹೊರಟ ಗೃಹಸ್ಥನು ವ್ಯಾಪಾರಿಯ ಮುಂದೆ ಕೇಳುವ ಮೊದಲ ಪ್ರಶ್ನೆ, "ಇದು ಕೆಡುವುದಿಲ್ಲ ತಾನೆ?" ಎಂಬುದು. ಕೆಡದ ಯಂತ್ರವನ್ನು ಮನುಷ್ಯನು ಇನ್ನೂ ಮಾಡಿಲ್ಲ. ಕೆಟ್ಟಾಗ ಅದನ್ನು ಮರೆಮಾಡದೆ ಹೇಳುವ ತಯಾರಕನೂ, ಕೇಳಿದೊಡನೆ ನಿಲ್ಲಿಸಿ ನೋಡುವ ಒಡೆಯನೂ ಕೂಡಿದರೆ ಗಾಡಿಯ ಆಯುಸ್ಸು ಹೆಚ್ಚುತ್ತದೆ. ಒಳಗೆ ಕುಳಿತವರದೂ ಸಹ. ಚಾಲಕನ ಕಣ್ಣೆದುರಿನ ಫಲಕದಲ್ಲಿ ಹತ್ತುವ ಸಣ್ಣ ಕೆಂಪು ದೀಪವು ಆ ಹಳೆಯ ಮಗ್ಗದ ಹರಿದ ಎಳೆಯೇ. ಅದನ್ನು ಕಂಡೂ, ಊರು ಇನ್ನೇನು ಹತ್ತಿರವಾಯಿತು, ನಾಳೆ ತೋರಿಸಿದರಾಯಿತು ಎಂದು ಮುಂದಕ್ಕೆ ಓಡಿಸುವವನ ಕೈಯಲ್ಲಿ ಎಂಥ ಹೆಸರುವಾಸಿಯಾದ ಗಾಡಿಯೂ ಬಾಳಲಾರದು.